ಹಾಲುಕ್ಕಿದ ಒಲೆ

ಮೊನ್ನೆ ಅಕ್ಕನ ಹನ್ನೊಂದನೆಯ ದಿನದ ಊಟಕ್ಕೆ ನೀವಿಬ್ಬರೂ ದೊಡ್ಡಬಳ್ಳಾಪುರದಿಂದ ಬಂದಿದ್ದಿರಿ. ಸ್ಟೂಲಿನ ಮೇಲೆ ಹಾರ ಹಾಕಿ ಇಟ್ಟಿದ್ದ ಫೋಟೋ ನೋಡಿ ಚಿಕ್ಕವಳು ಕೇಳಿದಳು: "ಅಜ್ಜಿ, ಇವರು ಆಫೀಸಲ್ಲಿದ್ರಾ? ಕುತ್ತಿಗೇಲಿ ಕಾರ್ಡ್ ಇದೆ." ಸುತ್ತ ಜನ ಕೂತಿದ್ದರು. ಜನರ ನಡುವೆ ನನಗೆ ಮಾತು ಹೊರಡುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. "ಊಟಕ್ಕೆ ನಡೀರಿ" ಎಂದುಬಿಟ್ಟೆ. ಆ ಫೋಟೋದ ಅಂಚಿನಲ್ಲಿ ಒಂದು ಹಸಿರು ಸೀರೆಯ ಭುಜ ಕಾಣುತ್ತದೆ. ಅದು ನನ್ನದು. ಅಕ್ಕನದು ಇದ್ದದ್ದು ಅದೊಂದೇ ಒಳ್ಳೆಯ ಫೋಟೋ. ಅವಳ ಮಗ ನನ್ನನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದಾನೆ. ಅವತ್ತು ಬಾಯಲ್ಲಿ ಹೇಳಲಾಗದ್ದನ್ನು ಈಗ ಬರೆದಿಡುತ್ತಿದ್ದೇನೆ.

ಅವಳ ಹೆಸರು ಬರೆಯುವುದಿಲ್ಲ. ಶಾಲೆಯ ಮಕ್ಕಳಿಗೆ ಅವಳು ಊಟದಮ್ಮ, ನನಗೆ ಅಕ್ಕ. ಒಡಹುಟ್ಟಿದವಳೇನಲ್ಲ. ನೆಲಮಂಗಲದಾಚೆಯ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಅವಳು ಬಿಸಿಯೂಟದ ಮುಖ್ಯ ಅಡುಗೆಯವಳು, ನಾನು ಸಹಾಯಕಿ. ನಿಮ್ಮ ತಾತ ತೀರಿಕೊಂಡ ವರ್ಷವೇ ನಾನು ಆ ಕೆಲಸಕ್ಕೆ ಸೇರಿದ್ದು. ಮೊದಲ ವಾರವೆಲ್ಲ ಅಡುಗೆಕೋಣೆಯ ಹಿಂದೆ ಕೂತು ಪಾತ್ರೆ ಉಜ್ಜುತ್ತಿದ್ದೆ. ಬಡಿಸಲು ಮುಂದೆ ಬರುತ್ತಿರಲಿಲ್ಲ. ಒಂದು ದಿನ ಅಕ್ಕ ಬಂದು ನನ್ನ ಕೈಯಿಂದ ತೆಂಗಿನ ನಾರು ಕಿತ್ತುಕೊಂಡು ಸಾರಿನ ಸೌಟು ಇಟ್ಟಳು. "ಮಕ್ಳು ತಟ್ಟೆ ನೋಡ್ತವೆ ಕಣೆ, ನಿನ್ನ ಹಣೆ ನೋಡಲ್ಲ" ಎಂದಳು. ಅವತ್ತಿನಿಂದ ಬಡಿಸಿದೆ.

ಅವಳಿಗೆ ಒಂದು ವಿದ್ಯೆ ಇತ್ತು. ಬೆಳಗಿನ ಪ್ರಾರ್ಥನೆ ಶುರುವಾದಾಗ ಕೆಲಸ ನಿಲ್ಲಿಸಿ, ಕಿಟಕಿಗೆ ಕಿವಿ ಕೊಟ್ಟು, ಸದ್ದು ಕೇಳಿಯೇ ಎಷ್ಟು ಅಕ್ಕಿ ಹಾಕಬೇಕೆಂದು ಹೇಳುತ್ತಿದ್ದಳು. "ಮೂರನೇ ಕ್ಲಾಸು ಇವತ್ತು ತೆಳ್ಳಗೈತೆ. ಯಾವುದೋ ಮದುವೆ ಇರಬೇಕು." ಮೇಷ್ಟ್ರ ಹಾಜರಿ ಆಮೇಲೆ ಬರುತ್ತಿತ್ತು. ಅಕ್ಕನ ಲೆಕ್ಕ ತಪ್ಪಿದ್ದು ನಾನು ಕಂಡಿಲ್ಲ. ಮಾತು ಮಾತ್ರ ಬಹಳ. ಪಾತ್ರೆಗೂ ಬಯ್ಯುವಳು, ಬೇಳೆಗೂ ಬಯ್ಯುವಳು. ಬೇಳೆ ಬೇಯದಿದ್ದರೆ, "ನೀನೇನು ಮದುವಣಗಿತ್ತಿಯಾ, ಬಾ ಬಾ ಅಂತ ಕರೀಬೇಕಾ?" ಎನ್ನುವಳು.

ಶಾಲೆಯಲ್ಲಿ ಗ್ಯಾಸು, ಮನೆಯಲ್ಲಿ ಸೌದೆ. ನಮ್ಮ ಮನೆಯಲ್ಲೂ ಆಗ ಹಾಗೇ. ಆದರೆ ನಮ್ಮದು ಹಿತ್ತಲ ಕಡೆ ಕಿಟಕಿಯಿರುವ ಅಡುಗೆಮನೆ. ಅಕ್ಕನದು ಒಂದೇ ಕೋಣೆ. ಒಂದು ಮೂಲೆಯಲ್ಲಿ ಮಣ್ಣಿನ ಒಲೆ, ಎದುರು ಮೂಲೆಯಲ್ಲಿ ಅವಳ ಅತ್ತೆಯ ಮಂಚ. ಅತ್ತೆಗೆ ಸೊಂಟ ಬಿದ್ದುಹೋಗಿತ್ತು. ಎದ್ದು ಹೊರಗೆ ಹೋಗುವಂತಿಲ್ಲ. ಒಲೆ ಹಚ್ಚಿದ ಕೂಡಲೆ ಹೊಗೆ ಮೊದಲು ಮಂಚಕ್ಕೆ ಹೋಗುತ್ತಿತ್ತು, ಆಮೇಲೆ ಬಾಗಿಲಿಗೆ. ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೆಮ್ಮುತ್ತ ಮಲಗಿರುತ್ತಿದ್ದಳು. ಗ್ಯಾಸು ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಅದು ಅತ್ತೆಯ ಹೆಸರಿನಲ್ಲಿ ಬಂದದ್ದು. ಅಕ್ಕನ ಗಂಡನೂ ಅವನ ತಮ್ಮನೂ ಭಾಗವಾದಾಗ ಗ್ಯಾಸು ಮೈದುನನ ಪಾಲಿಗೆ ಹೋಯಿತು, ಅತ್ತೆ ಅಕ್ಕನ ಪಾಲಿಗೆ ಬಂದಳು. ಇನ್ನೊಂದಕ್ಕೆ ಅರ್ಜಿ ಹಾಕಲು ಹೋದರೆ, ನಿಮ್ಮ ಮನೆಗೆ ಆಗಲೇ ಕೊಟ್ಟಿದೆ ಎಂದರು.

"ಸಿಲಿಂಡರ್ ತಗೊಂಡೋರಿಗೆ ಅತ್ತೇನೂ ಸೇರಿಸಿ ಕೊಡಬೇಕಿತ್ತು" ಎಂದು ಅಕ್ಕ ನಗುತ್ತಿದ್ದಳು. ಆದರೆ ಮನೆಗೆ ಹೋದ ಮೇಲೆ ಒಲೆ ಹಚ್ಚುವ ಮೊದಲು ಅವಳು ಒಂದು ನಿಮಿಷ ಸುಮ್ಮನೆ ಕೂರುವುದನ್ನು ನಾನು ನೋಡಿದ್ದೇನೆ. ಕಡ್ಡಿಪೆಟ್ಟಿಗೆ ಕೈಯಲ್ಲಿರುತ್ತಿತ್ತು. ಗೀರುತ್ತಿರಲಿಲ್ಲ.

ಹೀಗಿರುವಾಗ ಒಂದು ವರ್ಷ ಲೋಕದ ಎಣ್ಣೆಯವರು, ಗ್ಯಾಸಿನವರು, ಕರೆಂಟಿನವರು ಎಲ್ಲ ಸೇರುವ ದೊಡ್ಡ ಸಮ್ಮೇಳನ ನಮ್ಮ ಕಡೆಗೆ ಬಂತು. ಅದು ಪ್ರತಿ ವರ್ಷ ನಡೆಯುವುದಂತೆ. ಆ ಸಲ ತುಮಕೂರು ರಸ್ತೆಯ ಪಕ್ಕದ ವಸ್ತುಪ್ರದರ್ಶನದ ಕಟ್ಟಡಗಳಲ್ಲಿ. ಒಂದು ಒಲೆ ಕಂಪನಿಯ ಹುಡುಗ, ಟೈ ಕಟ್ಟಿದವನು, ನಮ್ಮ ಶಾಲೆಗೆ ಬಂದು ಮುಖ್ಯೋಪಾಧ್ಯಾಯರನ್ನು ಕಂಡ. ಬಿಸಿಲಿನಿಂದ ನಡೆಯುವ ಒಲೆ ಮಾಡಿದ್ದಾರೆ, ಸೂರಿನ ಮೇಲೆ ಹಲಗೆ, ಒಳಗೆ ಗಾಜಿನ ಒಲೆ, ನಡುವೆ ಬ್ಯಾಟರಿ, ಹೊಗೆ ಇಲ್ಲ, ಬೆಂಕಿಯೂ ಇಲ್ಲ. ಮಳಿಗೆಯಲ್ಲಿ ನಿಂತು ಅದರ ಮೇಲೆ ಅಡುಗೆ ಮಾಡಿ ತೋರಿಸಲು ಹಳ್ಳಿಯ ಇಬ್ಬರು ಹೆಂಗಸರು ಬೇಕು. ಮೂರು ದಿನ. ಮೇಷ್ಟ್ರು ನಮ್ಮ ಕಡೆ ಕೈ ತೋರಿಸಿದರು. ಆ ಮೂರು ದಿನ ಶಾಲೆಯ ಅಡುಗೆಗೆ ಸಂಘದ ಹೆಂಗಸರು ಬರುವುದೆಂದಾಯಿತು. ನಾನು ಬೇಡವೆಂದೆ. ಅಕ್ಕ ಕೇಳಿದ್ದು ಒಂದೇ ಮಾತು.

"ಹೊಗೆ ಒಂಚೂರೂ ಬರಲ್ವಾ?"

"ಒಂಚೂರೂ ಇಲ್ಲಮ್ಮ. ಮೂರು ದಿನ ಚೆನ್ನಾಗಿ ನಡೀಲಿ, ಒಲೆ ನಿಮ್ಮ ಮನೇಲೇ ಇರ್ತದೆ. ನಾನು ಮಾತಾಡ್ತೀನಿ."

ಅವಳು ನನ್ನ ಕಡೆ ತಿರುಗಿ, "ನೀನೂ ಬತ್ತೀಯ" ಎಂದಳು.

ಆ ಕಟ್ಟಡದ ಒಳಗೆ ನಮ್ಮೂರ ಕೆರೆಯನ್ನೇ ಇಡಬಹುದಿತ್ತು. ಆದರೆ ಒಂದೂ ಕಿಟಕಿ ಇರಲಿಲ್ಲ. ಬೆಳಿಗ್ಗೆ ಹೋದರೆ ಸಂಜೆಯವರೆಗೆ ಬೆಳಗೋ ಮಧ್ಯಾಹ್ನವೋ ತಿಳಿಯದು. ಕುತ್ತಿಗೆಗೆ ಕಾರ್ಡು ಹಾಕಿ, ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದರು. ನೀವು ನೋಡಿದ್ದು ಅದೇ. ನಮ್ಮ ಕಾರ್ಡು ತೋರಿಸಿದರೆ ನಮ್ಮ ಸಾಲು ಮಾತ್ರ. ಆಚೆ ಸಾಲಿಗೆ ಕಾಲಿಟ್ಟರೆ ಯಾರಾದರೂ ಬಂದು ಹಿಂದಕ್ಕೆ ಕಳಿಸುತ್ತಿದ್ದರು. ಫೋನು ಗೇಟಿನಲ್ಲೇ ಇಟ್ಟುಕೊಂಡರು. ಎದುರಿಗೆ ಹಡಗಿನಷ್ಟು ದೊಡ್ಡ ಕೊಳವೆಗಳು, ಆಚೆ ಗಿರಗಿರ ತಿರುಗುವ ಗಾಳಿಯ ರೆಕ್ಕೆ, ನಡುವೆ ಕೋಟು ಹಾಕಿದ ಗಂಡಸರ ಸಂತೆ. ಅವರು ನಡೆಯುತ್ತ ನಡೆಯುತ್ತ ನಮ್ಮ ಮುಂದೆ ನಿಂತು ನೋಡುವರು. ನಾನು ಪಾತ್ರೆಯನ್ನೇ ನೋಡುತ್ತ ನಿಂತಿರುತ್ತಿದ್ದೆ.

"ಬಿಸಿಲೊಲೆ ತಂದು ಬಿಸಿಲೇ ಬರದ ಕಡೆ ಇಟ್ಟವ್ರೆ" ಎಂದಳು ಅಕ್ಕ. "ನಮ್ಮನ್ನೂ ಅಷ್ಟೆ."

ಮೊದಲ ದಿನ ಬೆಳಿಗ್ಗೆ ಟೈ ಹುಡುಗ ಅಕ್ಕನನ್ನು ಪಕ್ಕಕ್ಕೆ ಕರೆದ. "ಅಮ್ಮಾ, ಯಾರಾದ್ರೂ ಕೇಳಿದ್ರೆ, ಮನೇಲಿ ಒಂದು ವರ್ಷದಿಂದ ಇದೇ ಒಲೇಲಿ ಅಡುಗೆ ಮಾಡ್ತಿದೀನಿ ಅನ್ನಿ."

"ಒಂದು ದಿನಾನೂ ಮಾಡಿಲ್ವಲ್ಲಪ್ಪ."

"ಮುಂದೆ ಮಾಡ್ತೀರಲ್ಲ. ಸ್ವಲ್ಪ ಮೊದಲೇ ಹೇಳ್ತೀರಿ ಅಷ್ಟೆ."

ನಿಮಗೆ ಒಂದು ಹೇಳಬೇಕು. ನಮ್ಮ ಕಡೆ ಉರಿಯುವ ಒಲೆಯ ಮುಂದೆ ಸುಳ್ಳು ಹೇಳುವುದಿಲ್ಲ. ಕಳ್ಳತನವೋ ಜಗಳವೋ ಆದಾಗ, "ಒಲೆ ಮುಂದೆ ಕೂತು ಹೇಳು ನೋಡೋಣ" ಎನ್ನುವುದು ವಾಡಿಕೆ. ಅಕ್ಕ ಇದರಲ್ಲಿ ಬಹಳ ಗಟ್ಟಿ. ಶಾಲೆಯಲ್ಲಿ ಯಾವನೋ ಹುಡುಗ ಬೆಲ್ಲ ಕದ್ದಾಗ ಅವನನ್ನು ಒಲೆಯ ಮುಂದೆ ನಿಲ್ಲಿಸಿಯೇ ನಿಜ ಹೇಳಿಸಿದ್ದಳು. ಹಾಗಾಗಿ ನಾನು ಅವಳ ಮುಖ ನೋಡಿದೆ. ಅವಳು ಗಾಜಿನ ಒಲೆಯ ಮೇಲೆ ಅಂಗೈ ಇಟ್ಟು, ತೆಗೆದು, ನನ್ನ ಕಿವಿಯಲ್ಲಿ ಹೇಳಿದಳು. "ಇದರಲ್ಲಿ ಬೆಂಕಿನೇ ಇಲ್ಲ ಕಣೆ. ಇದು ಇನ್ನೂ ಒಲೆ ಅಲ್ಲ. ಇದರ ಮುಂದೆ ಏನಂದ್ರೂ ತಟ್ಟಲ್ಲ."

ಎರಡು ದಿನ ಹೇಳಿದಳು. ಮೊದಲು ತಡವರಿಸಿದಳು, ಆಮೇಲೆ ಸರಾಗವಾಯಿತು. ಉಪ್ಪಿಟ್ಟು ಕಲಕುತ್ತ ಕಲಕುತ್ತ ಕಥೆ ಬೆಳೆಯಿತು. ನಮ್ಮತ್ತೆಗೆ ಈಗ ಕೆಮ್ಮಿಲ್ಲ. ನಮ್ಮತ್ತೆ ಈಗ ಎದ್ದು ಕೂರುತ್ತಾಳೆ. ಎರಡನೆಯ ದಿನದ ಸಂಜೆಗೆ ಅತ್ತೆ ಸೋಬಾನೆ ಪದ ಹೇಳಲೂ ಶುರುಮಾಡಿದ್ದಳು. ಕೋಟಿನವರು ಚಪ್ಪಾಳೆ ತಟ್ಟುತ್ತಿದ್ದರು. ಅಕ್ಕ ನಗುತ್ತಿದ್ದಳು. ಆದರೆ ವ್ಯಾನಿನಲ್ಲಿ ಊರಿಗೆ ಬರುವಾಗ ಮಾತಿಲ್ಲ. ಇಳಿಯುವಾಗ, "ಹೇಳ್ತಾ ಹೇಳ್ತಾ ನಂಗೇ ನಿಜ ಅನ್ನಿಸ್ತದೆ. ಮನೆ ಬಾಗಿಲು ತೆಗೆದ್ರೆ ಕೆಮ್ಮು ಕೇಳ್ತದೆ" ಎಂದಳು.

ಮೂರನೆಯ ದಿನ ಯಾರೋ ಬಹಳ ದೊಡ್ಡವರು ಬರುತ್ತಾರೆಂದು ಬೆಳಿಗ್ಗೆಯೇ ಬಾಗಿಲುಗಳನ್ನು ಮುಚ್ಚಿದರು. ಯಾರೂ ನಿಂತಲ್ಲಿಂದ ಅಲುಗಬಾರದು. ಗಂಟೆಗಟ್ಟಲೆ ಹಾಗೇ ಆಯಿತು. ನನಗೆ ಹೊರಕಡೆ ಹೋಗಬೇಕಾಗಿತ್ತು. ಹೇಳಲು ನಾಚಿಕೆ. ಹೊಟ್ಟೆ ಹಿಡಿದುಕೊಂಡು, ಕಾಲು ಬದಲಾಯಿಸುತ್ತ ನಿಂತೆ. ಕಣ್ಣಲ್ಲಿ ನೀರು ಬಂತು. ಅಕ್ಕ ನೋಡಿದವಳೇ ಕಾವಲಿಗಿದ್ದ ಪೊಲೀಸಿನವನ ಮುಂದೆ ಹೋಗಿ ನಿಂತಳು.

"ಏನಪ್ಪಾ, ನಿಮ್ಮವ್ವನ್ನೂ ಹಿಂಗೇ ಕೂಡಿಹಾಕ್ತೀಯಾ?"

"ಆರ್ಡರ್ ಇದೆಯಮ್ಮ."

"ಆರ್ಡರ್ ಕೊಟ್ಟೋನು ಬೆಳಿಗ್ಗೆಯಿಂದ ಹೋಗಿಲ್ವಾ? ಕೇಳು ಅವನ್ನ."

ಆತ ನಕ್ಕುಬಿಟ್ಟ. ಹೆಣ್ಣು ಪೊಲೀಸನ್ನು ಕರೆದು ನಮ್ಮ ಜೊತೆ ಕಳಿಸಿದ.

ಬಾಗಿಲು ತೆಗೆದ ಮೇಲೆ ಒಬ್ಬ ವಿದೇಶದ ಹೆಂಗಸು ಬಂದರು. ಬೆಳ್ಳಿ ಕೂದಲು, ನನ್ನ ವಯಸ್ಸೇ ಇರಬಹುದು. ಇಂಥ ಒಲೆಗಳನ್ನು ಊರೂರಿಗೆ ಕೊಳ್ಳುವ ದೊಡ್ಡ ಸಂಸ್ಥೆಯವರಂತೆ. ಜೊತೆಗೆ ಭಾಷೆ ಹೇಳಲು ಒಬ್ಬ ಹುಡುಗಿ. ನಮ್ಮ ಕಡೆಯ ವಿಜಯಪುರದವಳು, ರೇಷ್ಮೆ ಹುರಿ ಮಾಡುವ ಸಾಬರ ಮನೆಯ ಮಗಳು. ತಲೆಗೆ ನೀಲಿ ಬಟ್ಟೆ ಕಟ್ಟಿದ್ದಳು. ಅಕ್ಕ ಹೇಳಿದ್ದನ್ನೆಲ್ಲ ಆಕೆ ಕೂತು ಕೇಳಿದರು. ಚಪ್ಪಾಳೆ ತಟ್ಟಲಿಲ್ಲ. ಕೊನೆಗೆ ಏನೋ ಕೇಳಿದರು.

"ನಿಮ್ಮೂರು ಇಲ್ಲಿಗೆ ಹತ್ರ ಅಲ್ವಾ ಅಮ್ಮಾ?" ಎಂದಳು ಹುಡುಗಿ. "ಇವತ್ತು ಸಂಜೆ ಬಂದು ನಿಮ್ಮನೆ ಒಲೆ, ನಿಮ್ಮತ್ತೇನ ನೋಡಬಹುದಾ ಅಂತಿದಾರೆ."

ಅಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಟೈ ಹುಡುಗನ ಮುಖ ಬೆಳ್ಳಗಾಯಿತು. ಬೇಡವೆನ್ನುವ ಹಾಗಿಲ್ಲ. "ಬರಲಿ, ಬರಲಿ" ಎಂದ.

ಮಳಿಗೆಯಲ್ಲಿದ್ದ ಇನ್ನೊಂದು ಒಲೆಯನ್ನು ವ್ಯಾನಿಗೆ ಹಾಕಿಕೊಂಡು ಅವನು ನಮಗಿಂತ ಮೊದಲು ಊರಿಗೆ ಓಡಿದ. ನಾವು ಆ ಹೆಂಗಸಿನ ಕಾರಿನಲ್ಲಿ ಹಿಂದೆ ಹೋದೆವು. ಕಾರಿನ ಗಾಜು ಇಳಿಸುವುದು ನಮಗೆ ಗೊತ್ತಿರಲಿಲ್ಲ. ಅಕ್ಕ ನನ್ನ ಕೈಬೆರಳನ್ನು ಹಿಡಿದುಕೊಂಡು ಕೂತಿದ್ದಳು.

ಮನೆ ತಲುಪುವಷ್ಟರಲ್ಲಿ ಕಂಪನಿಯ ಹುಡುಗರು ಸೂರಿನ ತಗಡಿನ ಮೇಲೆ ಹಲಗೆ ಇಟ್ಟು ಆಗಿತ್ತು. ಮಣ್ಣಿನ ಒಲೆಯ ಮೇಲೆ ಗೋಣಿಚೀಲ ಮುಚ್ಚಿ, ಪಕ್ಕದ ಕಲ್ಲುಚಪ್ಪಡಿಯ ಮೇಲೆ ಗಾಜಿನ ಒಲೆ ಇಟ್ಟಿದ್ದರು. "ಟೀ ಮಾಡಿಕೊಟ್ಟು ಕಳಿಸಿಬಿಡಿ ಅಮ್ಮಾ, ಹತ್ತು ನಿಮಿಷ" ಎಂದು ಟೈ ಹುಡುಗ ಪಿಸುಗುಟ್ಟಿದ. ಬಂದ ಹೆಂಗಸು ಮಂಚದ ಪಕ್ಕ ಚಾಪೆಯ ಮೇಲೆ ಕೂತರು. ಅಕ್ಕ ಪಾತ್ರೆಗೆ ನೀರು ಹಾಕಿದಳು.

ಅತ್ತೆ ಮಂಚದಿಂದ ಕತ್ತೆತ್ತಿದಳು. "ಏನೇ ಅದು, ಹೊಸಾ ಒಲೇನಾ?"

"ಸುಮ್ನಿರಿ ಅತ್ತೆಮ್ಮ."

"ಹಾಲುಕ್ಕಿಸಿದ್ಯಾ?"

ಆ ಮೂರು ದಿನದ ಗಡಿಬಿಡಿಯಲ್ಲಿ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

"ಹಾಲುಕ್ಕಿಸ್ದೆ ಒಲೆ ಮೇಲೆ ನೀರಿಡ್ತಾರೇನೇ? ಯಾವ ಮನೇಲಿ ಕಲ್ತೆ? ನನ್ನ ಕಣ್ಮುಂದೇನೇ ಮನೆ ಕೆಡಿಸ್ತೀಯಾ?" ಮುದುಕಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಕೈ ಬೀಸಿ, ಇಳಿಸು, ಇಳಿಸು ಎಂದಳು.

ನಿಮ್ಮ ಹೊಸ ಮನೆಗೆ ಹೋದಾಗ ನಿಮ್ಮಮ್ಮ ಹಾಲುಕ್ಕಿಸಿದ್ದು ನೀವು ನೋಡಿದ್ದೀರಿ. ಹೊಸ ಒಲೆಗೆ ಅರಿಸಿನ ಕುಂಕುಮ ಇಟ್ಟು, ಮೊದಲು ಹಾಲು ಕಾಯಿಸಿ, ಅದು ಉಕ್ಕಿ ಒಲೆಯ ಮೇಲೆ ಚೆಲ್ಲಬೇಕು. ಆಮೇಲೆಯೇ ಬೇರೆ ಅಡುಗೆ. ಒಂದು ಒಲೆಗೆ ಅದನ್ನು ಮಾಡುವುದು ಒಂದೇ ಸಲ, ಒಲೆ ಮನೆಗೆ ಬಂದ ದಿನ. ಆ ಕೋಣೆಯಲ್ಲಿ ಇದು ಗೊತ್ತಿಲ್ಲದವರು ಆ ಬೆಳ್ಳಿ ಕೂದಲಿನವರು ಒಬ್ಬರೇ.

ಅಕ್ಕ ನೀರಿನ ಪಾತ್ರೆ ಇಳಿಸಿದಳು. ಆಮೇಲೆ ಗೂಡಿನಿಂದ ಕುಂಕುಮದ ಭರಣಿ ತೆಗೆದಳು. ನಾನು ಅಭ್ಯಾಸಬಲದಿಂದ ಬಾಗಿಲಾಚೆ ಸರಿದೆ. ಗಂಡನಿಲ್ಲದವಳು ಅಂಥ ಹೊತ್ತಿನಲ್ಲಿ ಒಳಗಿರುವುದಿಲ್ಲ.

"ಎಲ್ಲಿಗೆ ಹೋಗ್ತೀಯೆ?" ಎಂದಳು ಅಕ್ಕ. "ಬಾ ಇಲ್ಲಿ, ಹಾಲು ನೋಡ್ಕೊ."

ಹೋಗಿ ಒಲೆಯ ಮುಂದೆ ನಿಂತೆ. ಅವಳು ಗಾಜಿನ ಅಂಚಿಗೆ ಅರಿಸಿನ ಕುಂಕುಮ ಹಚ್ಚಿ, ಚಿಕ್ಕ ಪಾತ್ರೆಯಲ್ಲಿ ಹಾಲಿಟ್ಟಳು. ಟೈ ಹುಡುಗ ನನ್ನ ಹಿಂದೆ ಬಂದು ನಿಂತ. "ಅಮ್ಮಾ, ನೀವಾದ್ರೂ ಕೇಳಿ. ಉಕ್ಕೋಕೆ ಮುಂಚೆ ಇಳಿಸಿಬಿಡಿ. ಬರೀ ಹಾಲು ಕಾಯಿಸಿದ ಹಾಗಿರುತ್ತೆ. ಒಲೆ ಇಲ್ಲೇ ಉಳಿಯುತ್ತೆ" ಎಂದು ತುಟಿ ಅಲುಗದಂತೆ ಹೇಳಿದ. ಹಾಲು ಅಂಚಿನಲ್ಲಿ ಗುಳ್ಳೆ ಕಟ್ಟಿತು. ಬಟ್ಟೆ ನನ್ನ ಕೈಯಲ್ಲಿತ್ತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಹಾಗೆ ಎಲ್ಲರೂ ನೋಡುವಂತೆ ನಾನು ಎಂದೂ ಎಲ್ಲೂ ನಿಂತಿರಲಿಲ್ಲ. ಮಂಚದ ಮೇಲೆ ಕೆಮ್ಮು. ಇಳಿಸಿದರೆ ಆ ಕೆಮ್ಮಿಗೆ ಒಲೆ ಸಿಗುತ್ತದೆ. ಅಕ್ಕನ ಮುಖ ನೋಡಿದೆ. ಅವಳು ಇಳಿಸು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹಾಲನ್ನೇ ನೋಡುತ್ತಿದ್ದಳು. ನಾನು ಇಳಿಸಲಿಲ್ಲ.

ಹಾಲು ಎದ್ದು, ಉಕ್ಕಿ, ಗಾಜಿನ ಮೇಲೆಲ್ಲ ಹರಿಯಿತು. ಒಲೆ ಕುಯ್ ಕುಯ್ ಎಂದು ಕೂಗಿ ಆರಿಹೋಯಿತು. ಅತ್ತೆ ಮಲಗಿದ್ದಲ್ಲೇ ಕೈ ಮುಗಿದಳು.

ಆ ಹೆಂಗಸು ಏನೋ ಕೇಳಿದರು. ವಿಜಯಪುರದ ಹುಡುಗಿ ತಕ್ಷಣ ಅದನ್ನು ಹೇಳಲಿಲ್ಲ. ಅಕ್ಕನ ಹತ್ತಿರ ಬಗ್ಗಿ, "ಇದೇನು ಪೂಜೆ ಅಂತ ಕೇಳ್ತಿದಾರೆ. ನಮ್ ಮನೇಲೂ ಹೊಸ ಮನೆಗೆ ಹಾಲುಕ್ಕಿಸ್ತೀವಿ ಅಮ್ಮಾ, ನಂಗೆ ಗೊತ್ತು. ಶುಕ್ರವಾರ ಶುಕ್ರವಾರ ಮಾಡ್ತಾರೆ ಅಂತ ಹೇಳ್ಲಾ? ಅವರಿಗೆ ತಿಳಿಯಲ್ಲ" ಎಂದಳು.

ಅಷ್ಟು ಸುಲಭವಾಗಿತ್ತು. ಅಕ್ಕ ಹೇಳಬೇಕಾದ್ದೂ ಇರಲಿಲ್ಲ, ಸುಮ್ಮನೆ ತಲೆ ಆಡಿಸಿದ್ದರೆ ಸಾಕಿತ್ತು. ಅವಳು ಮಂಚದ ಕಡೆ ನೋಡಿದಳು, ಒಲೆಯ ಕಡೆ ನೋಡಿದಳು.

"ಬ್ಯಾಡ ಕಣವ್ವ. ನೀನು ಒಳ್ಳೇ ಮಗು. ಆದ್ರೆ ಹಾಲುಕ್ತಲ್ಲ, ಈಗ ಇದು ಒಲೆ ಆಯ್ತು. ಇನ್ನು ಇದರ ಮುಂದೆ ಆಗಲ್ಲ. ಈ ಒಲೆ ಈವತ್ತೇ ಬಂದಿದ್ದು ಅಂತ ಹೇಳು. ಅತ್ತೆ ಎದ್ದಿಲ್ಲ, ಕೂತಿಲ್ಲ, ಪದ ಹೇಳಿಲ್ಲ ಅಂತಾನೂ ಹೇಳು."

ಹುಡುಗಿ ಹೇಳಿದಳು. ಆ ಹೆಂಗಸು ಎದ್ದು ಹೋಗಿ ಗೋಣಿಚೀಲ ಎತ್ತಿ ಮಣ್ಣಿನ ಒಲೆಯನ್ನು ನೋಡಿದರು, ಗೋಡೆಯ ಮಸಿಯನ್ನು ಬೆರಳಿನಲ್ಲಿ ಮುಟ್ಟಿದರು. ಪಾತ್ರೆಯಲ್ಲಿ ಉಳಿದಿದ್ದ ಹಾಲನ್ನು ಅಕ್ಕ ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟಳು. ಆಕೆಯೂ ಕುಡಿದರು. ಅಕ್ಕನ ಎರಡೂ ಕೈ ಹಿಡಿದು ಏನೋ ಹೇಳಿ ಹೊರಟರು. ಕೊಡುತ್ತೇನೆ, ಕಳಿಸುತ್ತೇನೆ ಎಂದೇನೂ ಹೇಳಲಿಲ್ಲವಂತೆ. ಅದೊಂದು ಒಳ್ಳೆಯದಾಯಿತು, ಕಾಯುವುದು ತಪ್ಪಿತು.

ಕಾರು ಹೋದ ಮೇಲೆ ಟೈ ಹುಡುಗ ಒಲೆಯ ವೈರು ಸುತ್ತತೊಡಗಿದ. "ನನ್ನ ಕೆಲಸ ಹೋಗ್ತದಮ್ಮ ನಿಮ್ಮಿಂದ" ಎಂದ.

"ಹಾಲುಕ್ಕಿದ ಒಲೇನ ಮನೆಯಿಂದ ಎತ್ತಬಾರದು ಕಣಪ್ಪ" ಎಂದಳು ಅತ್ತೆ ಮಂಚದಿಂದ. ಅವಳಿಗೆ ನಡೆದದ್ದೇನೂ ಪೂರ್ತಿ ತಿಳಿದಿರಲಿಲ್ಲ.

ಅವನು ಎತ್ತಿದ. ಅಕ್ಕ ಅಡ್ಡ ಬರಲಿಲ್ಲ. ಅವನಿಗಾಗಿ ಇಟ್ಟಿದ್ದ ಹಾಲಿನ ಲೋಟ ಕೈಗೆ ಕೊಟ್ಟು, "ಕುಡಿದು ಹೋಗು, ಬೆಳಿಗ್ಗೆಯಿಂದ ನೀನೂ ಏನೂ ತಿಂದಿಲ್ಲ" ಎಂದಳು. ಅವನು ನಿಂತುಕೊಂಡೇ ಕುಡಿದು ಹೋದ. ಕುಂಕುಮ ಹಚ್ಚಿದ ಗಾಜು ಹಾಗೇ ವ್ಯಾನು ಹತ್ತಿತು.

ಮಾರನೆಯ ದಿನ ಶಾಲೆಗೆ ಅಕ್ಕ ತಡವಾಗಿ ಬಂದಳು. ಕೈಯುಗುರಲ್ಲಿ ಮಣ್ಣಿತ್ತು. ಕೇಳಿದರೆ, ಮನೆಯ ಒಲೆ ಕಿತ್ತು ಹಾಕಿ ಬಂದೆ ಎಂದಳು. "ಆ ಕೋಣೇಲಿ ಹೊಗೆ ಇಲ್ಲದ ಒಲೆಗೆ ಹಾಲುಕ್ಕೈತೆ. ಇನ್ನು ಅಲ್ಲಿ ಹೊಗೆ ಹಾಕಲ್ಲ." ಬೀದಿಗೆ ತಾಗಿದ ಗೋಡೆಯ ಬುಡದಲ್ಲಿ ಮೂರು ಕಲ್ಲು ಹೂಡಿ ಅಡುಗೆ ಶುರುಮಾಡಿದಳು. ನಮ್ಮ ಕಡೆ ಬೀದಿಯಲ್ಲಿ ಬೇಯಿಸುವವರು ಊರಿಲ್ಲದವರು ಎಂದು ಲೆಕ್ಕ. ಅತ್ತೆ ಒಳಗಿನಿಂದ ಬೈದಳು, ಮಾನ ಹೋಯಿತೆಂದು ಒಂದು ದಿನ ಊಟ ಬಿಟ್ಟಳು. ಮೈದುನನ ಹೆಂಡತಿ ಬಾಗಿಲಲ್ಲಿ ನಿಂತು, "ಏನಕ್ಕಾ, ಹೋಟ್ಲು ಇಟ್ಯಾ?" ಎಂದಳು.

"ಹೂಂ ಕಣೆ. ನಿಮ್ಮನೆ ಗ್ಯಾಸು ಮುಗಿದ್ರೆ ಬಾ, ಪಾರ್ಸೆಲ್ ಕೊಡ್ತೀನಿ."

ಅತ್ತೆಯ ಕೆಮ್ಮು ನಿಲ್ಲಲಿಲ್ಲ. ಅಷ್ಟು ವರ್ಷದ್ದು ಎಲ್ಲಿಗೆ ಹೋಗುತ್ತದೆ? ಆದರೆ ಮುದ್ದೆ ಮುಗಿಯುವವರೆಗೆ ಕೆಮ್ಮದೆ ಉಣ್ಣುತ್ತಿದ್ದಳು. ಅದನ್ನು ಅಕ್ಕ ನನಗೆ ಶಾಲೆಯಲ್ಲಿ ದಿನವೂ ಹೇಳುತ್ತಿದ್ದಳು, ಮಗು ಪಾಸಾದ ಸುದ್ದಿ ಹೇಳುವಂತೆ.

ಮೊದಲ ಮಳೆ ಬಂದ ಸಂಜೆ ನಾನು ನಮ್ಮ ಜಗಲಿಯಲ್ಲಿ ಕೂತಿದ್ದೆ. ಅವಳ ಮನೆಯ ಕಡೆಯಿಂದ ಹೊಗೆ ಏಳುವುದು, ನಿಲ್ಲುವುದು, ಮತ್ತೆ ಏಳುವುದು ಕಾಣುತ್ತಿತ್ತು. ಒದ್ದೆ ಸೌದೆಯ ಜೊತೆ ಹೆಣಗುತ್ತಿದ್ದಾಳೆಂದು ತಿಳಿಯಿತು. ಒಳಗೆ ಹೋಗಿ ನಿಮ್ಮ ತಾತನ ದೊಡ್ಡ ಕೊಡೆ ತಂದೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಬೀದಿಯಲ್ಲಿ ಕೆಲಸ ಮುಗಿಸಿ ಬರುವ ಗಂಡಸರು, ಕೊಟ್ಟಿಗೆಗೆ ಹೊರಟ ಹಸುಗಳು. ಆಮೇಲೆ ಹೋದೆ. ಅವಳು ತಲೆಗೆ ಗೋಣಿ ಹಾಕಿಕೊಂಡು ಊದುಕೊಳವೆ ಊದುತ್ತಿದ್ದಳು. ನಾನು ಹತ್ತಿರ ನಿಂತು ಕೊಡೆ ಬಿಚ್ಚಿ ಅವಳ ಮೇಲೆ ಹಿಡಿದೆ. ಹೋಗಿಬರುವವರೆಲ್ಲ ನಿಂತು ನೋಡಿದರು. ಒಬ್ಬ ಟ್ರ್ಯಾಕ್ಟರ್ ನಿಧಾನ ಮಾಡಿದ.

ಅಕ್ಕ ತಲೆ ಎತ್ತಿ ನೋಡಿದಳು. "ನನ್ನ ಮೇಲೆ ಹಿಡಿದ್ರೆ ಏನು ಬೇಯ್ತದೆ?" ಎಂದಳು. "ಒಲೆ ಮೇಲೆ ಹಿಡಿ."

ಹಿಡಿದೆ. ಅನ್ನ ಆಗುವವರೆಗೆ ಇಬ್ಬರೂ ನೆನೆದೆವು.